ಲೀಟರಿಗೆ ಇಪ್ಪತ್ತೈದು

ನನ್ನ ಬಲಗಾಲು ಭಾರವಂತೆ. ಇದನ್ನು ಕಂಡುಹಿಡಿದವರು ನನ್ನ ಗಂಡ, ಅದೂ ಮದುವೆಯಾಗಿ ಇಪ್ಪತ್ತಾರು ವರ್ಷ ಕಳೆದ ಮೇಲೆ. ಹೈಬ್ರಿಡ್ ಕಾರು ಮನೆಗೆ ಬಂದು ಇನ್ನೂ ಎರಡು ತಿಂಗಳಾಗಿರಲಿಲ್ಲ.

ಅದಕ್ಕೆ ಮೊದಲು ನಮ್ಮಲ್ಲಿ ಒಂದು ಹಳೆಯ ಸಣ್ಣ ಕಾರಿತ್ತು. ಇವರು ಗಲ್ಫಿನಲ್ಲಿದ್ದಷ್ಟು ಕಾಲ ಅದನ್ನು ಓಡಿಸಿದವಳು ನಾನೊಬ್ಬಳೇ. ದೇರೆಬೈಲಿನ ಮನೆಯಿಂದ ಬಲ್ಮಠದ ಹತ್ತಿರ ನಾನು ಗಣಿತ ಕಲಿಸುವ ಶಾಲೆಗೆ, ಮಗಳಿಗೆ ಜ್ವರ ಬಂದರೆ ಆಸ್ಪತ್ರೆಗೆ, ಅತ್ತೆಯ ಕಣ್ಣಿನ ಆಪರೇಷನ್ನಿಗೆ, ವರ್ಷಕ್ಕೊಮ್ಮೆ ಇವರನ್ನೇ ಕರೆತರಲು ಏರ್‌ಪೋರ್ಟಿಗೆ. ನಂತೂರಿನ ಸರ್ಕಲ್ಲಿನಲ್ಲಿ ನಾಲ್ಕು ಕಡೆಯಿಂದ ಬಸ್ಸುಗಳು ನುಗ್ಗಿದರೂ ಹೆದರದೆ ದಾರಿ ಮಾಡಿಕೊಂಡು ಹೋದವಳು ನಾನು. ಆಗ ಯಾರೂ ನನ್ನ ಕಾಲಿನ ತೂಕ ನೋಡಿರಲಿಲ್ಲ.

ಇವರು ಕೆಲಸ ಬಿಟ್ಟು ಊರಿಗೆ ಬಂದರು. ಅಲ್ಲಿ ಕಂಪನಿಯ ದೊಡ್ಡ ಗಾಡಿ ಓಡಿಸಿ, ನೀರಿಗಿಂತ ಅಗ್ಗಕ್ಕೆ ಪೆಟ್ರೋಲು ಸಿಗುತ್ತದೆ ಎಂದು ಫೋನಿನಲ್ಲಿ ಜಂಬ ಕೊಚ್ಚುತ್ತಿದ್ದವರು ಇಲ್ಲಿಗೆ ಬಂದದ್ದೇ ಪೆಟ್ರೋಲಿನ ಒಂದೊಂದು ಹನಿಗೂ ಕಾವಲು ಕುಳಿತರು. ಬೆಳಗ್ಗೆ ಎದ್ದರೆ ಮೊಬೈಲಿನಲ್ಲಿ ಮೈಲೇಜಿನ ವಿಡಿಯೊ. ಮೂರು ತಿಂಗಳು ನೋಡಿ, ಹತ್ತು ಸಲ ಶೋರೂಮಿಗೆ ಹೋಗಿ, ಕೊನೆಗೆ ನನ್ನ ಹಳೆಯ ಕಾರನ್ನು ಎಕ್ಸ್‌ಚೇಂಜಿಗೆ ಕೊಟ್ಟು ಹೈಬ್ರಿಡ್ ತಂದರು. ಪೆಟ್ರೋಲ್ ಎಂಜಿನ್ನೂ ಉಂಟು, ಬ್ಯಾಟರಿಯೂ ಉಂಟು, ಚಾರ್ಜಿಗೆ ಇಡುವ ಕೆಲಸವಿಲ್ಲ, ಬ್ರೇಕ್ ಒತ್ತಿದರೆ ತಾನೇ ಚಾರ್ಜ್ ಆಗುತ್ತದೆ, ಲೀಟರಿಗೆ ಇಪ್ಪತ್ತೆಂಟು ಕಿಲೋಮೀಟರ್ ಗ್ಯಾರಂಟಿ ಎಂದಿದ್ದರಂತೆ ಶೋರೂಮಿನವರು.

ಇಪ್ಪತ್ತೆಂಟು! ಒಂದು ದಿನ ಬಂದಿದ್ದರೆ ಕೇಳಿ. ನಮ್ಮ ರಸ್ತೆಗಳ ಏರು, ಇಳಿತ, ಅಗೆದು ಬಿಟ್ಟ ಹೊಂಡ, ಎದುರಿಗೇ ಗಕ್ಕನೆ ನಿಲ್ಲುವ ಸಿಟಿ ಬಸ್ಸು, ಇವೆಲ್ಲ ಶೋರೂಮಿನವರ ಲೆಕ್ಕದಲ್ಲಿ ಇರಲಿಲ್ಲ ಎಂದು ಕಾಣುತ್ತದೆ. ಸ್ಟಿಯರಿಂಗಿನ ಮುಂದಿರುವ ಪರದೆ ಇಪ್ಪತ್ತೆರಡು ತೋರಿಸಿತು. ಇವರ ಮುಖ ಬಾಡಿತು. ಅಲ್ಲಿಂದ ಶುರುವಾಯಿತು ನೋಡಿ ನಮ್ಮ ಮನೆಯ ಗ್ರಹಚಾರ. ಕೆಲಸವಿಲ್ಲದ ಬಡಗಿ ಮಗುವಿನ ಕುಂಡೆ ಕೆತ್ತಿದನಂತೆ. ಡಿಕ್ಕಿಯಲ್ಲಿದ್ದ ಕೊಡೆ, ಚಾಪೆ, ನೀರಿನ ಕ್ಯಾನು ಎಲ್ಲ ಹೊರಗೆ ಬಂತು. ವಾರಕ್ಕೆರಡು ಸಲ ಟಯರಿನ ಗಾಳಿ ನೋಡಿಸುವುದು. ಐವತ್ತರ ಮೇಲೆ ಹೋಗುವಂತಿಲ್ಲ. ಮಾರ್ಚ್ ತಿಂಗಳಲ್ಲಿ ಎಸಿ ಇಲ್ಲ! ಮಂಗಳೂರಿನ ಮಾರ್ಚ್ ಎಂತದ್ದೆಂದು ಗೊತ್ತಿದ್ದವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಕಾರಿನಿಂದ ಇಳಿಯುವಾಗ ಸೀರೆ ಬೆನ್ನಿಗೆ ಅಂಟಿಕೊಂಡಿರುತ್ತಿತ್ತು. ಹೀಗೆಲ್ಲ ಮಾಡಿ ಅವರು ಇಪ್ಪತ್ನಾಲ್ಕೂವರೆ ಮುಟ್ಟಿಸಿದ್ದರು.

ಒಂದು ಸೋಮವಾರ ನಾನು ಅದೇ ಕಾರಿನಲ್ಲಿ ಶಾಲೆಗೆ ಹೋಗಿ ಬಂದೆ. ಸಂಜೆ ಗೇಟಿನಲ್ಲೇ ಕಾದು ನಿಂತಿದ್ದರು. ನಾನು ಇಳಿದದ್ದೇ ಒಳಗೆ ತಲೆ ಹಾಕಿ ಪರದೆ ನೋಡಿದರು.

"ಎಂತ ಮಾಡಿದ್ದಿ ಮಾರಾಯ್ತಿ? ಇಪ್ಪತ್ನಾಲ್ಕು ಪಾಯಿಂಟ್ ಆರು ಇತ್ತು. ಈಗ ಇಪ್ಪತ್ನಾಲ್ಕು ಪಾಯಿಂಟ್ ಒಂದಕ್ಕೆ ಬಂದಿದೆ!"

"ನಾನೆಂತ ಮಾಡ್ಲಿ? ಶಾಲೆಗೆ ಹೋಗಿ ಬಂದೆ, ಅಷ್ಟೇ."

"ನಿನ್ನ ಕಾಲು ಭಾರ. ಆಕ್ಸಿಲರೇಟರ್ ಒತ್ತುದಲ್ಲ ನೀನು, ತುಳಿಯುದು."

ನಾನೂ ಬಿಡುವವಳಲ್ಲ. ನಾನೂರು ಕಿಲೋಮೀಟರಿನ ಸರಾಸರಿಯನ್ನು ಹತ್ತು ಕಿಲೋಮೀಟರ್ ಅಷ್ಟೊಂದು ಇಳಿಸುವುದು ಹೇಗೆ ಎಂದು ಪೆನ್ನು ಹಿಡಿದು ಕುಳಿತೆ. ಲೆಕ್ಕ ಮಾಡಿ ನೋಡಿದರೆ ಅವರು ಹೇಳಿದ್ದೇ ಸರಿ. ನಾನು ಓಡಿಸಿದ್ದು ಲೀಟರಿಗೆ ಹದಿಮೂರೋ ಹದಿನಾಲ್ಕೋ ಬಂದಿರಬೇಕು. ಇಪ್ಪತ್ತು ವರ್ಷ ಮಕ್ಕಳಿಗೆ ಸರಾಸರಿ ಕಲಿಸಿದವಳಿಗೆ ಸರಾಸರಿಯೇ ಕೈಕೊಟ್ಟದ್ದು ಕಂಡು ಇನ್ನಷ್ಟು ಸಿಟ್ಟು ಬಂತು.

ಮರುದಿನದಿಂದ ಕಾರಿನ ಕೀ ಬಾಗಿಲ ಪಕ್ಕದ ಮೊಳೆಯಲ್ಲಿ ಇರಲಿಲ್ಲ. ಇವರ ಅಂಗಿಯ ಕಿಸೆ ಸೇರಿತ್ತು. ಕೇಳಿದರೆ, "ಎಲ್ಲಿಗೆ ಬೇಕಾದ್ರೂ ನಾನು ಬಿಡ್ತೇನಲ್ಲ" ಎಂಬ ಉತ್ತರ. ನನಗೆ ಯಾರೂ ಬಿಡುವುದು ಬೇಕಾಗಿರಲಿಲ್ಲ. ನನಗೆ ಬೇಕಾದದ್ದು ಆ ಕೀ. ಹದಿನೈದು ವರ್ಷ ಈ ಮನೆಯನ್ನು ನಾನು ಓಡಿಸಿದ್ದು ಆ ಸ್ಟಿಯರಿಂಗ್ ಹಿಡಿದುಕೊಂಡೇ. ಈಗ ಐವತ್ತರ ಹೊತ್ತಿಗೆ ಸಿಟಿ ಬಸ್ಸಿನಲ್ಲಿ ನೇತಾಡುತ್ತ ಶಾಲೆಗೆ ಹೋಗಬೇಕಾಯಿತು. ಕಂಡಕ್ಟರ್, "ಟೀಚರ್, ಕಾರೆಂತ ಆಯ್ತು?" ಎಂದು ಕೇಳುವಾಗ ಎಂತ ಹೇಳುವುದು? ಗಂಡನಿಗೆ ಮೈಲೇಜಿನ ಮರುಳು ಹಿಡಿದಿದೆ ಎಂದು ಹೇಳಲಿಕ್ಕಾಗುತ್ತದಾ?

ಮೂರು ವಾರ ಮನೆಯಲ್ಲಿ ಮಾತಿಲ್ಲ. ಪಾತ್ರೆಗಳು ಮಾತ್ರ ಮಾತಾಡುತ್ತಿದ್ದವು. ಕೊನೆಗೆ ಒಂದು ದಿನ ಊಟಕ್ಕೆ ಕುಳಿತಾಗ ನಾನೇ ಬೊಬ್ಬೆ ಹಾಕಿದೆ. "ನಿಮಗೆ ಎಷ್ಟು ಬೇಕು? ಇಪ್ಪತ್ತೈದಾ? ತೋರಿಸ್ತೇನೆ. ತೋರಿಸಿದ್ರೆ ಕೀ ನನ್ನದು, ಮತ್ತೆ ಪಿರಿಪಿರಿ ಮಾಡ್ಲಿಕ್ಕಿಲ್ಲ."

ಇವರು ನಕ್ಕರು. "ಆಯ್ತು. ಆದಿತ್ಯವಾರ ಅಮ್ಮ ಉಳ್ಳಾಲಕ್ಕೆ ಹೋಗ್ಬೇಕು ಅಂತಿದ್ದಾರಲ್ಲ. ನೀನೇ ಕರ್ಕೊಂಡು ಹೋಗು. ಹೋಗಿ ಬರುವಾಗ ಇಪ್ಪತ್ತೈದು ಇದ್ರೆ ಕೀ ನೀನೇ ಇಟ್ಕೋ."

ಪಕ್ಕದಲ್ಲಿ ಗಂಜಿ ಉಣ್ಣುತ್ತಿದ್ದ ಅತ್ತೆ ನಮ್ಮಿಬ್ಬರ ಮುಖವನ್ನೂ ನೋಡಿದರು.

ಅತ್ತೆಯ ತಾಯಿಯ ಮನೆ ಉಳ್ಳಾಲದಲ್ಲಿ. ತುಳುವರಲ್ಲಿ ತಾಯಿಯ ಮನೆಗೆ ಇರುವ ಬೆಲೆ ಬೇರೆಯೇ. ಪಾಲಾಗುವಾಗ ಮನೆಯೂ ಅಂಗಳದ ತೆಂಗಿನಮರಗಳೂ ಅತ್ತೆಯ ತಂಗಿಗೆ ಹೋದವು. ಅತ್ತೆ ಏನೂ ಕೇಳಲಿಲ್ಲ. ಕಾಗದದಲ್ಲಿ ಬರೆಯದ ಒಂದು ಕ್ರಮ ಮಾತ್ರ ಉಳಿದಿತ್ತು. ಅಕ್ಕ ಬಂದಾಗಲೆಲ್ಲ ತಂಗಿ ಆ ಮರಗಳ ಕಾಯಿ ಸುಲಿಸಿ ಗೋಣಿಯಲ್ಲಿ ಕಟ್ಟಿ ಕೊಡುತ್ತಾರೆ. ಅಂಗಡಿಯಲ್ಲಿ ಕಾಯಿ ಸಿಗುವುದಿಲ್ಲವೆಂದಲ್ಲ. ಅದು ಅವರ ತಾಯಿ ನೆಟ್ಟ ಮರದ್ದು, ಅತ್ತೆಯ ಪಾಲು. ನನ್ನ ಹಳೆಯ ಕಾರಿನ ಡಿಕ್ಕಿಯಲ್ಲಿ ಎಷ್ಟು ಗೋಣಿ ಬಂದಿದೆಯೋ ಲೆಕ್ಕವಿಲ್ಲ. ಆ ಕಾಯಿಯ ತುರಿ ಬಿದ್ದ ಮೀನಿನ ಸಾರಿಗೆ ಅತ್ತೆ ಒಂದು ಹಿಡಿ ಅನ್ನ ಹೆಚ್ಚೇ ಉಣ್ಣುತ್ತಿದ್ದರು.

ಆದಿತ್ಯವಾರ ಬೆಳಗ್ಗೆ ಇವರು ಟ್ರಿಪ್ಪಿನ ಲೆಕ್ಕವನ್ನು ಸೊನ್ನೆಗೆ ತಂದು ಕೀ ಕೊಟ್ಟರು. ನಾನು ಮೊಟ್ಟೆ ಹೊತ್ತವಳ ಹಾಗೆ ಓಡಿಸಿದೆ. ಅರ್ಧ ಫರ್ಲಾಂಗು ಮೊದಲೇ ಕಾಲು ತೆಗೆಯುವುದು, ಬ್ರೇಕನ್ನು ಮೆಲ್ಲ ಒತ್ತುವುದು, ಇಳಿಜಾರು ಸಿಕ್ಕಿದರೆ ಹಾಗೇ ಬಿಡುವುದು. ಹಿಂದಿನ ಬಸ್ಸಿನವರು ಹಾರ್ನ್ ಹೊಡೆದು ಹೊಡೆದು ಸಾಕಾಗಿ ಪಕ್ಕದಿಂದ ಬೈದುಕೊಂಡು ಹೋದರು. ಬೈಯಲಿ! ಪಂಪ್‌ವೆಲ್ ದಾಟುವಾಗ ಇಪ್ಪತ್ತೈದು ಪಾಯಿಂಟ್ ಎಂಟು. ಉಳ್ಳಾಲ ಮುಟ್ಟುವಾಗ ಇಪ್ಪತ್ತಾರು. ನನ್ನಷ್ಟಕ್ಕೇ ನಗುತ್ತಿದ್ದೆ.

ಊಟ ಮುಗಿಸಿ ಹೊರಡುವಾಗ ಜಗಲಿಯಲ್ಲಿ ಗೋಣಿ ತಯಾರಾಗಿತ್ತು. ಇಪ್ಪತ್ತೈದು ಕಾಯಿ ಇದ್ದಿರಬಹುದು. ಅತ್ತೆಯ ತಂಗಿ, "ಡಿಕ್ಕಿ ತೆಗಿ ಮಗಾ" ಎಂದರು.

ನನ್ನ ತಲೆಯೊಳಗೆ ಹದಿನೈದು ಕಿಲೋ ಎಂದು ಬಂತು. ಮನೆಗೆ ಹಿಂದೆ ಹೋಗುವಾಗ ಏರು ಜಾಸ್ತಿ ಎಂದೂ ಬಂತು. "ಇವತ್ತು ಬೇಡ ಚಿಕ್ಕಮ್ಮ. ಮನೆಯಲ್ಲಿ ತುಂಬ ಉಂಟು. ಮುಂದಿನ ಸಲ ಕೊಂಡೋಗ್ತೇನೆ" ಎಂದುಬಿಟ್ಟೆ.

ಮನೆಯಲ್ಲಿ ಇದ್ದದ್ದು ಒಂದೇ ಕಾಯಿ. ಅದು ಅತ್ತೆಗೂ ಗೊತ್ತಿತ್ತು.

"ಬೇಡ್ವಾ?" ಅತ್ತೆಯ ತಂಗಿ ನನ್ನನ್ನು ಕೇಳಲಿಲ್ಲ, ಅಕ್ಕನ ಕಡೆ ತಿರುಗಿ ಕೇಳಿದರು. ಅತ್ತೆ ಸೆರಗು ಸರಿ ಮಾಡಿಕೊಂಡು, "ಇರ್ಲಿ, ಅವಳಿಗೆ ಇವತ್ತು ಸ್ವಲ್ಪ ಅರ್ಜೆಂಟ್ ಉಂಟು" ಎಂದು ನನ್ನ ಮಾನ ಕಾಪಾಡಿ ಕಾರು ಹತ್ತಿದರು.

ಸುಡು ಮಧ್ಯಾಹ್ನ. ಎಸಿ ಹಾಕಲಿಲ್ಲ. ನೇತ್ರಾವತಿ ಸೇತುವೆಯ ಹತ್ತಿರ ಅತ್ತೆ ಹಿಂದಿನ ಸೀಟಿನಿಂದ, "ಗಾಜು ಸ್ವಲ್ಪ ಇಳಿಸ್ಬಹುದಾ ಮಗಾ?" ಎಂದರು. "ಈ ಸೇತುವೆ ಒಂದು ದಾಟ್ಲಿ ಅತ್ತೆ. ಗಾಳಿ ಒಳಗೆ ನುಗ್ಗಿದ್ರೆ ಕಾರನ್ನು ಹಿಡಿದು ಎಳೀತದೆ" ಎಂದೆ. ಇದು ಇವರ ಮಾತು. ಇದೇ ಮಾತಿಗೆ ಹಿಂದಿನ ತಿಂಗಳು ನಾನು ಇವರ ಜೊತೆ ರಂಪ ಮಾಡಿದ್ದೆ. ಅತ್ತೆ ಮತ್ತೆ ಕೇಳಲಿಲ್ಲ. ಸೇತುವೆ ದಾಟಿದ ಮೇಲೆ ಗಾಜು ಇಳಿಸಲು ನನಗೂ ನೆನಪಾಗಲಿಲ್ಲ, ಕಣ್ಣು ಪರದೆಯ ಮೇಲಿತ್ತು.

ಮನೆ ಮುಟ್ಟುವಾಗ ಇಪ್ಪತ್ತಾರು ಪಾಯಿಂಟ್ ಮೂರು. ಇವರು ಬಗ್ಗಿ ನೋಡಿದರು, ಕನ್ನಡಕ ಒರೆಸಿ ಮತ್ತೊಮ್ಮೆ ನೋಡಿದರು.

"ಎಸಿ?"

"ಹಾಕ್ಲಿಲ್ಲ."

"ಚಿಕ್ಕಮ್ಮ ಕಾಯಿ ಕೊಡ್ಲಿಲ್ವಾ?"

"ನಾನೇ ತರ್ಲಿಲ್ಲ."

"ಹಾಂ! ಈಗ ನಿನಗೆ ಅರ್ಥ ಆಯ್ತು" ಎಂದು ಕೀಯನ್ನು ನನ್ನ ಕೈಗಿಟ್ಟರು. ಅಂದು ನನಗಾದ ಖುಷಿ ನೆನೆದರೆ ಈಗ ನಾಚಿಕೆಯಾಗುತ್ತದೆ. ಅತ್ತೆ ಬಚ್ಚಲಿಗೆ ಹೋಗಿ ತುಂಬ ಹೊತ್ತು ಮುಖಕ್ಕೆ ನೀರು ಹಾಕಿಕೊಳ್ಳುತ್ತಿದ್ದರು.

ಕೀ ನನ್ನದಾಯಿತು. ಆದರೆ ಪ್ರತಿ ಸಂಜೆ ಪರದೆ ನೋಡುವುದನ್ನು ಇವರು ಬಿಡಲಿಲ್ಲ, ಹಾಗಾಗಿ ನಾನೂ ಬಿಡುವಂತಿರಲಿಲ್ಲ. ಶಾಲೆಗೆ ಹೋಗುವಾಗ ಬೆವರು, ಬರುವಾಗ ಬೆವರು. "ಬಿಜೈವರೆಗೆ ಬಿಡ್ತೀರಾ?" ಎಂದು ಕೇಳಿದ ಜೊತೆಯ ಟೀಚರಿಗೆ ಬೇರೆ ಕಡೆ ಹೋಗಲಿಕ್ಕುಂಟು ಎಂದು ಸುಳ್ಳು ಹೇಳಿದೆ. ಎಂತ ಸಾವು ಇದು ಎಂದು ನನಗೇ ಅನಿಸುತ್ತಿತ್ತು. ಆದರೂ ಇಪ್ಪತ್ತೈದರಿಂದ ಕೆಳಗೆ ಇಳಿದರೆ ಮತ್ತೆ ಬಸ್ಸೇ ಗತಿ ಎಂಬ ಹೆದರಿಕೆ.

ಮುಂದಿನ ಆದಿತ್ಯವಾರ ಬೆಳಗ್ಗೆ ತಿಂಡಿಯಾದ ಮೇಲೆ ಅತ್ತೆ, "ಇಲ್ಲೇ ಹೋಗಿ ಬರ್ತೇನೆ" ಎಂದು ಹೊರಟರು. ನೆರೆಮನೆಗೆ ಹೋಗಿರಬೇಕೆಂದುಕೊಂಡೆ. ಮಧ್ಯಾಹ್ನದ ಹೊತ್ತಿಗೆ ನಾನು ಮೀನು ತಂದು ಹಿಂದೆ ಬರುವಾಗ ನಮ್ಮ ಓಣಿಯ ಬಾಯಿಯ ಬಸ್‌ಸ್ಟಾಪಿನಲ್ಲಿ ಎದುರಿನ ಬಸ್ಸು ನಿಂತಿತು. ಕಂಡಕ್ಟರ್ ಎರಡು ಬಟ್ಟೆಯ ಚೀಲ ಇಳಿಸಿ ರಸ್ತೆಯಲ್ಲಿಟ್ಟ. ಹಿಂದೆಯೇ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದವರು ಅತ್ತೆ. ಚೀಲದ ಬಾಯಿಯಲ್ಲಿ ಕಾಯಿಗಳ ಜುಟ್ಟು ಕಾಣುತ್ತಿತ್ತು.

ಕಾರನ್ನು ಅಲ್ಲೇ ನಿಲ್ಲಿಸಿ ಓಡಿದೆ. "ಅತ್ತೆ! ಉಳ್ಳಾಲಕ್ಕೆ ಹೋದದ್ದಾ? ಈ ಬಿಸಿಲಿಗೆ ಎರಡೆರಡು ಬಸ್ಸು ಹತ್ತಿ ಇಳಿದು? ನನಗೆ ಒಂದು ಮಾತು ಹೇಳ್ಬಹುದಿತ್ತಲ್ಲ! ಬನ್ನಿ, ಕೂತ್ಕೊಳ್ಳಿ."

"ಬೇಡ ಮಗಾ, ಇಲ್ಲೇ ಅಲ್ವಾ ಮನೆ."

ನಾನು ಚೀಲಕ್ಕೆ ಕೈ ಹಾಕಿದೆ. ಅವರು ಬಿಡಲಿಲ್ಲ. "ಕಾಯಿಯನ್ನಾದ್ರೂ ಡಿಕ್ಕಿಯಲ್ಲಿಡ್ತೇನೆ, ಕೊಡಿ ಅತ್ತೆ" ಎಂದೆ.

"ಬೇಡ ಅಂತ ಹೇಳಿದೆನಲ್ಲ. ಕಾಯಿ ಇಟ್ರೆ ನಿನ್ನ ನಂಬ್ರ ಇಳೀತದೆ. ಮತ್ತೆ ಕೀ ತೆಗೀತಾನೆ ಅವ. ನಿನಗೆ ಬಸ್ಸಲ್ಲಿ ನಿಂತು ಹೋಗ್ಲಿಕ್ಕೆ ಕಷ್ಟ ಆಗ್ತದೆ, ನಾನು ನೋಡಿದ್ದೇನೆ. ನೀನು ಹೋಗು."

ಅದರಲ್ಲಿ ಒಂದು ಚೂರು ಕೊಂಕಿದ್ದಿದ್ದರೆ ನಾನು ಜಗಳ ಮಾಡಿ ಚೀಲ ಕಿತ್ತುಕೊಳ್ಳುತ್ತಿದ್ದೆ. ಕೊಂಕು ಇರಲಿಲ್ಲ. ನನ್ನ ಕೀ ಉಳಿಯಲಿ ಎಂದೇ ಅವರು ಹೇಳಿದ್ದು. ಅಷ್ಟರಲ್ಲಿ ನನ್ನ ಕಾರಿನ ಹಿಂದೆ ಇನ್ನೊಂದು ಬಸ್ಸು ಬಂದು ಹಾರ್ನ್ ಮೇಲೆ ಹಾರ್ನ್. ಓಡಿ ಹೋಗಿ ಕಾರು ತೆಗೆದು ಓಣಿಗೆ ತಿರುಗಿಸುವಾಗ ಅತ್ತೆ ಆಗಲೇ ಎರಡು ಕೈಯಲ್ಲಿ ಎರಡು ಚೀಲ ಹಿಡಿದು ಮುಂದೆ ಹೋಗಿದ್ದರು.

ನಮ್ಮ ಓಣಿ ಇಕ್ಕಟ್ಟು. ಎರಡೂ ಕಡೆ ಕಂಪೌಂಡ್ ಗೋಡೆ, ಅವರನ್ನು ದಾಟಿ ಹೋಗಲು ಜಾಗವಿಲ್ಲ, ಇಳಿಯಲು ಬಾಗಿಲು ತೆರೆಯಲೂ ಜಾಗವಿಲ್ಲ. ಮನೆಯವರೆಗೂ ಇಳಿಜಾರು. ಆ ವೇಗದಲ್ಲಿ ಈ ಕಾರಿನ ಎಂಜಿನ್ ಓಡುವುದೇ ಇಲ್ಲ, ಬ್ಯಾಟರಿಯಲ್ಲೇ ಸಾಗುತ್ತದೆ. ಸದ್ದಿಲ್ಲದ ಕಾರಣ ನಾನು ಹಿಂದೆಯೇ ಇದ್ದೇನೆಂದು ಅತ್ತೆಗೆ ಗೊತ್ತೇ ಆಗಲಿಲ್ಲ. ಹಾರ್ನ್ ಹೊಡೆದರೆ ಬೆದರಿ ಬೀಳುತ್ತಾರೇನೋ ಎಂದು ಹೊಡೆಯಲಿಲ್ಲ. ಎಪ್ಪತ್ತೆರಡು ವರ್ಷದ ಹೆಂಗಸು, ಹತ್ತು ಹೆಜ್ಜೆ ಹೋಗಿ ಚೀಲ ಕೆಳಗಿಡುತ್ತಿದ್ದರು, ಅಂಗೈ ಉಜ್ಜಿಕೊಂಡು ಮತ್ತೆ ಎತ್ತುತ್ತಿದ್ದರು. ಅವರು ನಿಂತಾಗಲೆಲ್ಲ ನಾನು ಬ್ರೇಕ್ ಒತ್ತಿದೆ, ನಡೆದಾಗ ಬಿಟ್ಟೆ. ಮನೆಯ ಗೇಟು ಬರುವುದರೊಳಗೆ ಪರದೆಯ ಮೇಲೆ ಮೈಲೇಜು ಇನ್ನೂ ಪಾಯಿಂಟ್ ಎರಡರಷ್ಟು ಏರಿತ್ತು.