ಮರಳಿನ ಮೇಲೆ ಹಿಮದ ಪಾಠ

ಇಸ್ತ್ರಿ ಅಂಗಡಿಯಾತ ಕಾದ ಪೆಟ್ಟಿಗೆಯ ತಳಕ್ಕೆ ಮೇಣದಬತ್ತಿಯ ತುಂಡೊಂದನ್ನು ಉಜ್ಜಿದ. ಚುರ್ ಎಂದಿತು. ಪೆಟ್ಟಿಗೆ ಸಲೀಸಾಗಿ ಜಾರಲೆಂದು ಮಾಡುವ ಕೆಲಸ, ದಿನಾ ಮಾಡುತ್ತಾನೆ. ರಾಯದುರ್ಗದ ಆ ಅಂಗಡಿಯ ಮುಂದೆ ಸೀರೆಗಾಗಿ ಕಾಯುತ್ತಿದ್ದ ನನ್ನ ಮೂಗಿಗೆ ಸುಟ್ಟ ಮೇಣದ ವಾಸನೆ ಬಡಿದಾಗ ಮೊದಲು ನೆನಪಾದದ್ದು ಅಪ್ಪನ ಮುಖವಲ್ಲ, ಅವನ ಮೊಣಕಾಲು. ನೆಲದ ಮೇಲೆ ಮಲಗಿಸಿದ ಎರಡು ಉದ್ದ ಹಲಗೆಗಳ ಪಕ್ಕದಲ್ಲಿ ಊರಿದ ಮೊಣಕಾಲು… ಮುಖ ಆಮೇಲೆ ಬಂತು. ಅದು ಯಾವ ವಯಸ್ಸಿನ ಮುಖವೋ ಹೇಳಲಾರೆ.

ಅಪ್ಪ ಸೈನ್ಯದಲ್ಲಿದ್ದವನು. ಹಿಮದ ಬೆಟ್ಟಗಳಲ್ಲಿ ಹಲವು ಚಳಿಗಾಲ ಕಳೆದು, ಕಾಲಿಗೆ ಹಲಗೆ ಕಟ್ಟಿಕೊಂಡು ಇಳಿಜಾರಿನಲ್ಲಿ ಜಾರುವ ಸ್ಕೀಯಿಂಗ್ ಕಲಿತು, ಆ ಹುಚ್ಚನ್ನು ಹೊತ್ತು ಹಿಮವೇ ಇಲ್ಲದ ಊರಿಗೆ ಮರಳಿದ್ದ. ಚಕ್ಕಡಿ ಮಾಡುವ ಬಡಿಗೇರನಿಂದ ಬೇವಿನ ಹಲಗೆ ಕೊಯ್ಯಿಸಿದ. ಗಾಲಿಯ ಕೆಲಸಕ್ಕೆ ಮಾಡುವಂತೆಯೇ ನೀರಲ್ಲಿ ನೆನೆಸಿ, ಬೆಂಕಿಗೆ ಹಿಡಿದು ತುದಿಗಳನ್ನು ಮೇಲಕ್ಕೆ ಬಗ್ಗಿಸಿಕೊಟ್ಟ ಬಡಿಗೇರನಿಗೆ ಅದು ಏನೆಂದು ಕೊನೆಗೂ ತಿಳಿಯಲಿಲ್ಲ. ತಳಕ್ಕೆ ಮೇಣ ಸವರಿ, ಕೆಂಡದ ಇಸ್ತ್ರಿ ಪೆಟ್ಟಿಗೆಯಿಂದ ಅದನ್ನು ಮರದೊಳಗೆ ಇಳಿಸುವ ಕೆಲಸ ಮಾತ್ರ ಅಪ್ಪನದೇ.

ಬೊಮ್ಮನಹಾಳಿನ ಆಚೆ, ಹಗರಿ ಹೊಳೆಯ ದಂಡೆಯಲ್ಲಿ, ಗಾಳಿ ತಂದು ಒಟ್ಟಿದ ಮರಳ ದಿಬ್ಬಗಳಿವೆ. ಭಾನುವಾರ ಬೆಳಿಗ್ಗೆ ಅಪ್ಪ ಟಿವಿಎಸ್ ಗಾಡಿಯ ಪಕ್ಕಕ್ಕೆ ಹಲಗೆಗಳನ್ನು ಬಿಗಿದು, ಹಿಂದೆ ನನ್ನನ್ನೂ ಮುಂದೆ ತಂಗಿಯನ್ನೂ ಕೂರಿಸಿಕೊಂಡು ಅಲ್ಲಿಗೆ ಒಯ್ಯುತ್ತಿದ್ದ. ಇದ್ದದ್ದು ಒಂದೇ ಜೊತೆ ಹಲಗೆ. ಅವನ ಹಳೆಯ ಮಿಲಿಟರಿ ಬೂಟಿಗೆ ಬಟ್ಟೆ ತುರುಕಿ, ನಮ್ಮ ಕಾಲು ತೂರಿಸಿ, ಚರ್ಮದ ಪಟ್ಟಿಯಿಂದ ಹಲಗೆಗೆ ಬಿಗಿಯುತ್ತಿದ್ದ. ಹಾದಿಯಲ್ಲಿ ಕುರಿ ಹೊಡೆದುಕೊಂಡು ಹೋಗುವವರು ನಿಂತು ನೋಡುತ್ತಿದ್ದರು.

“ಏನ್ರಿ ಮಿಲ್ಟ್ರಿ ಸಾಹೇಬ್ರ, ಎತ್ತಿಲ್ದ ಹೊಲ ಹರಗಾಕ ಹೊಂಟೀರೇನು?”

“ಹೂನ್ರಿ. ಹಿಮ ಬಿತ್ತೀನಿ. ಬೆಳೆ ಬಂದ್ರ ನಿಮಗೂ ಒಂದು ಬುಟ್ಟಿ ಕಳಸ್ತೀನಿ.”

ಮರಳಿನ ಮೇಲೆ ಜಾರುವವರು ಹಿಂದಕ್ಕೆ ವಾಲಬೇಕು. ಇಲ್ಲವಾದರೆ ಹಲಗೆಯ ಮೂತಿ ಮರಳಲ್ಲಿ ಹೂತು ಆಳು ಮುಗ್ಗರಿಸುತ್ತಾನೆ. ಹಿಮದ ಮೇಲೆ ಇದಕ್ಕೆ ತದ್ವಿರುದ್ಧ, ಮುಂದಕ್ಕೆ ಬಾಗಬೇಕು. ಅಪ್ಪ ಮರಳಿನ ಮೇಲೆ ಹಿಮದ ಪಾಠ ಹೇಳಿಕೊಟ್ಟ. “ಮುಂದಕ ಬಾಗು. ಹಿಂದಕ ವಾಲಿದಾಂವ ಮಣ್ಣಾಗ್ತಾನ,” ಎನ್ನುತ್ತಿದ್ದ. ಹಾಗೆ ವಾಲಿ, ನಿಲ್ಲಲಾಗದೆ ಕಣಿವೆಗೆ ಹೋದ ಒಬ್ಬ ಜೊತೆಗಾರನಿದ್ದ ಎಂದು ಒಮ್ಮೆ ಮಾತ್ರ ಹೇಳಿದ. ನಾವು ಎಂದಾದರೂ ಹಿಮಕ್ಕೆ ಹೋದೇವು, ಆಗ ಮೈಗೆ ತಪ್ಪು ಅಭ್ಯಾಸವಾಗಿರಬಾರದು ಎಂಬುದು ಅವನ ಲೆಕ್ಕ. ಹಾಗಾಗಿ ನಾನು ಭಾನುವಾರದಿಂದ ಭಾನುವಾರಕ್ಕೆ ಬಿದ್ದೆ. ಬಾಯಿ ತುಂಬ ಮರಳು. ಎದ್ದು ಮತ್ತೆ ಮುಂದಕ್ಕೆ ಬಾಗಿದೆ, ಮತ್ತೆ ಬಿದ್ದೆ. ಎರಡು ಬೀಳುವಿಕೆಗಳ ನಡುವಿನ ಆ ನಾಲ್ಕು ಮಾರು ಜಾರುವಿಕೆಗಾಗಿ ಇಡೀ ವಾರ ಕಾಯುತ್ತಿದ್ದೆ. ಅದೊಂದು ಸುಳ್ಳಲ್ಲ.

ತಂಗಿ ನನಗಿಂತ ಎರಡು ವರ್ಷ ಚಿಕ್ಕವಳು. ಅವಳು ಮಾತು ಕೇಳುವವಳಲ್ಲ. ಒಂದು ದಿನ ತಾನಾಗಿಯೇ ಹಿಂದಕ್ಕೆ ವಾಲಿ, ಕೈ ಅಗಲಿಸಿ, ದಿಬ್ಬದ ತುದಿಯಿಂದ ಬುಡದವರೆಗೆ ಬೀಳದೆ ಇಳಿದಳು. ಕೂಗಾಡುತ್ತ ಮೇಲೆ ಬಂದು ಇನ್ನೊಮ್ಮೆ ಇಳಿದಳು. ಅಪ್ಪ ಬೈಯುತ್ತಾನೆಂದು ಕಾದೆ. ಬೈಯಲಿಲ್ಲ.

“ಹೋಗ್ಲಿ ಬಿಡು. ಮರಳಿಗೆ ಮರಳಿನ ನ್ಯಾಯ,” ಎಂದು ನಕ್ಕುಬಿಟ್ಟ.

ಅಷ್ಟು ದಿನ ಅವನ ಮಾತು ಕೇಳಿ ನಾನು ನುಂಗಿದ ಮರಳಿಗೆಲ್ಲ ಆ ನಗುವೇ ಉತ್ತರವಾಯಿತು. ಮೂರನೆಯ ಸಲ ತಂಗಿ ಅರ್ಧ ದಿಬ್ಬ ಇಳಿದಿದ್ದಾಗ ಒಂದು ದನಿ ಕೂಗಿತು. “ಮುಂದಕ ಬಾಗ್ಲೇ!” ತಂಗಿ ಬಾಗಿದಳು. ಹಲಗೆಯ ಮೂತಿ ಹೂತಿತು. ಬಿಗಿದ ಪಟ್ಟಿ ಬಿಚ್ಚಿಕೊಳ್ಳಲಿಲ್ಲ. ಹಸಿ ಕಟ್ಟಿಗೆ ಮುರಿದಂಥ ಸದ್ದು.

ಕೂಗಿದ್ದು ಯಾರು? ನನ್ನ ನೆನಪನ್ನು ಇಲ್ಲಿ ನಾನು ನಂಬುವುದಿಲ್ಲ. ಒಂದು ನೆನಪಿನಲ್ಲಿ ಅಪ್ಪ ಕೆಳಗೆ ನಿಂತು ಕೂಗುತ್ತಾನೆ. ಇನ್ನೊಂದರಲ್ಲಿ ಅದು ನನ್ನ ಗಂಟಲು, ಅಪ್ಪನ ದನಿಯನ್ನು ಅಣಕಿಸುತ್ತದೆ. ಮೊದಲಿನದು ವರ್ಷದಿಂದ ವರ್ಷಕ್ಕೆ ಸ್ಪಷ್ಟವಾಗುತ್ತ ಹೋಯಿತು. ಅದಕ್ಕೇ ಅದರ ಮೇಲೆ ಅನುಮಾನ.

ಮನೆಯಲ್ಲಿ ಅವ್ವ ಕೇಳಿದ್ದು ಒಂದೇ ಮಾತು. “ಯಾರು ಕೂಗಿದ್ದು?”

ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಅಂದ. “ನಾನ.”

ಅಥವಾ ನಾನು ಬಾಯಿ ತೆರೆಯಲೇ ಇಲ್ಲ…

ಮೂಳೆ ಕಟ್ಟುವವರು ಕಟ್ಟಿದರು. ಆಮೇಲೆ ಬಳ್ಳಾರಿಯ ಆಸ್ಪತ್ರೆಯಲ್ಲಿ ಬಿಚ್ಚಿ ಮತ್ತೆ ಕಟ್ಟಿದರು. ತಂಗಿಯ ಎಡಗಾಲು ಎರಡು ಬೆರಳಷ್ಟು ಗಿಡ್ಡವಾಗಿಯೇ ಉಳಿಯಿತು. ಅವ್ವ ಹಲಗೆಗಳನ್ನು ಸೀಳಿ ನೀರೊಲೆಗೆ ಹಾಕಿ, ಆ ನೀರಲ್ಲೇ ತಂಗಿಯ ಮೈ ತೊಳೆದಳು. ಅಂದಿನಿಂದ ಅಪ್ಪನೊಡನೆ ನೇರ ಮಾತಿಲ್ಲ. “ನಿಮ್ಮಪ್ಪಗ ಉಣ್ಣಾಕ ಬಾ ಅನ್ನು,” “ನಿಮ್ಮಪ್ಪನ ಅಂಗಿ ಗೂಟಕ್ಕ ಐತಿ ಅನ್ನು.” ಅಪ್ಪ ಎರಡು ಮಾರು ದೂರದಲ್ಲೇ ಕೂತಿರುತ್ತಿದ್ದ. ನಾನು ಆ ಮಾತನ್ನು ಎತ್ತಿಕೊಂಡು ಹೋಗಿ ಅವನಿಗೆ ಒಪ್ಪಿಸುತ್ತಿದ್ದೆ. ಇಪ್ಪತ್ತು ವರ್ಷ. ಅಷ್ಟು ವರ್ಷ ಅವನು ಒಮ್ಮೆಯೂ ತನ್ನ ಪರವಾಗಿ ಮಾತಾಡಲಿಲ್ಲ.

ಕೆಲಸಕ್ಕೆ ಸೇರಿದ ಮೇಲೆ ಒಂದು ಚಳಿಗಾಲ ಹಿಮಾಚಲಕ್ಕೆ ಹೋಗಿ ಸ್ಕೀಯಿಂಗ್ ಶಿಬಿರ ಸೇರಿದೆ. ಮೊದಲ ದಿನವೇ ಮೈ ತಾನಾಗಿ ಮುಂದಕ್ಕೆ ಬಾಗಿತು, ಬೀಳಲಿಲ್ಲ. ಮೊದಲು ಎಲ್ಲಿ ಕಲಿತಿರಿ ಎಂದು ತರಬೇತುದಾರ ಕೇಳಿದ. ಆ ಸಂಜೆ ಅಪ್ಪನಿಗೆ ಫೋನು ಮಾಡಿದೆ.

“ಅಪ್ಪಾ, ನಿಂತೆ.”

“ಹಿಮ ಗಟ್ಟಿ ಐತೇನವ್ವಾ, ಪುಡಿಪುಡಿನಾ?”

“ಪುಡಿ. ಅಪ್ಪಾ, ಅವತ್ತು ದಿಬ್ಬದ ಮ್ಯಾಲ…”

“ಮಂಡಿ ಮಡಚಿ ಹಿಡಿ. ನಿಮ್ಮವ್ವನ ಮುಂದ ಏನೂ ಹೇಳಬ್ಯಾಡ,” ಎಂದು ಫೋನಿಟ್ಟ. ಏನನ್ನು ಹೇಳಬೇಡವೆಂದನೋ, ಹಿಮದ ಸುದ್ದಿಯನ್ನೋ, ದಿಬ್ಬದ ಮಾತನ್ನೋ… ನನಗೆ ಬೇಕಾದಂತೆ ಅರ್ಥ ಮಾಡಿಕೊಂಡು ಸುಮ್ಮನಾದೆ. ಆಮೇಲೆ ಮೂರು ಚಳಿಗಾಲ ಹಿಮಕ್ಕೆ ಹೋದೆ. ಸುಮ್ಮನೆಯೇ ಇದ್ದೆ.

ಈ ಬೇಸಿಗೆಯಲ್ಲಿ ಅಪ್ಪ ಉಸಿರಿನ ಬೇನೆಯಿಂದ ತೀರಿಕೊಂಡ. ಕೊನೆಯ ವಾರ ಅವ್ವನೇ ಗಂಜಿ ಕುಡಿಸಿದಳು, ಬಾಯಿ ಒರೆಸಿದಳು. ಮಾತಿಲ್ಲ. ನಮ್ಮಲ್ಲಿ ಹೆಣವನ್ನು ಕೂರಿಸಿಯೇ ಮಣ್ಣು ಮಾಡುವುದು. ಗೋಡೆಗೆ ಆನಿಸಿ ಕೂರಿಸಿದ್ದ ಅಪ್ಪ ಮುಂದಕ್ಕೆ ಬಾಗುತ್ತಿದ್ದ. ನಾಲ್ಕು ಜನ ಎದೆಗೆ ಬಟ್ಟೆ ಸುತ್ತಿ ಹಿಂದಕ್ಕೆ ಎಳೆದು ಗೂಟಕ್ಕೆ ಕಟ್ಟಿದರು. ಅಷ್ಟಾದರೂ ತಲೆ ಬಾಗಿಯೇ ಇತ್ತು. ನೋಡಲಾಗದೆ ಹಿತ್ತಲಿಗೆ ಹೋದೆ. ತಂಗಿ ಅಲ್ಲಿ ಕಲ್ಲಿನ ಮೇಲೆ ಕಾಲು ಚಾಚಿ ಕೂತಿದ್ದಳು. ಕೇಳಿಬಿಟ್ಟೆ.

“ಅವತ್ತು ಕೂಗಿದ್ದು ಯಾರು?”

ಅವಳು ನನ್ನನ್ನು ದಿಟ್ಟಿಸಿದಳು. “ಅಪ್ಪ ಕೆಳಗ ಕೂತು ನೀರು ಕುಡಿಯಾಕತ್ತಿದ್ದ. ಬಾಯಾಗ ನೀರಿದ್ದಾಂವ ಹೆಂಗ ಕೂಗ್ತಾನಕ್ಕ?”

“ಮತ್ತ ನೀ ಯಾಕ ಹೇಳ್ಲಿಲ್ಲ?”

“ಅಪ್ಪ ಬ್ಯಾಡ ಅಂದ, ನನ್ನ ಎತ್ಕೊಂಡು ಬರಾಗ. ನಿಮ್ಮಕ್ಕ ಸಣ್ಣಾಕಿ, ಹೆದರ್ತಾಳ ಅಂದ.” ಚಾಚಿದ ಎಡಗಾಲನ್ನು ಹತ್ತಿರಕ್ಕೆ ಎಳೆದುಕೊಂಡು ಅಂದಳು. “ನಾ ನಿನಗಿಂತ ಸಣ್ಣಾಕಿ ಇದ್ದೆ.”

ಅಪ್ಪನನ್ನು ಇನ್ನೂ ಹೊರಗೆ ತಂದಿರಲಿಲ್ಲ. ಒಳಗೆ ಹೋಗಿ, ಅವನ ಕಾಲ ಬಳಿ ಕೂತಿದ್ದ ಅವ್ವನ ಕಿವಿಯಲ್ಲಿ ಹೇಳಿದೆ. “ಕೂಗಿದ್ದು ನಾನವ್ವಾ.” ಅವ್ವ ನನ್ನತ್ತ ತಿರುಗಲಿಲ್ಲ. ಅಪ್ಪನ ಪಾದದ ಮೇಲಿದ್ದ ಕೈಯನ್ನು ತೆಗೆದು ತನ್ನ ಮಡಿಲಲ್ಲಿಟ್ಟುಕೊಂಡಳು, ಮುಟ್ಟುವ ಹಕ್ಕಿಲ್ಲದವಳ ಹಾಗೆ.

ಈಗ ದಿನಾ ಬೆಳಿಗ್ಗೆ ಅವ್ವ ಹೊಲದಲ್ಲಿರುವ ಅಪ್ಪನ ಸಮಾಧಿಗೆ ಹೋಗುತ್ತಾಳೆ. ನಾನು ಊರಲ್ಲಿರುವಾಗ ನೀರಿನ ಕೊಡ ಹಿಡಿದು ಹಿಂದೆ ಹೋಗುತ್ತೇನೆ. ಬೇಡ ಎನ್ನುವುದಿಲ್ಲ, ಬಾ ಎಂದೂ ಅನ್ನುವುದಿಲ್ಲ. ಹಸಿ ಮಣ್ಣಿನ ಗುಡ್ಡೆಯ ಪಕ್ಕ ಕೂತು ಮಾತು ಶುರುಮಾಡುತ್ತಾಳೆ. ಎಮ್ಮೆ ಹಾಲು ಕಡಿಮೆ ಮಾಡಿದ್ದು, ಪಕ್ಕದ ಮನೆಯವರು ಗೋಡೆ ಎತ್ತಿಸುತ್ತಿರುವುದು, ಸಣ್ಣಾಕೆಗೆ ರಾತ್ರಿ ಕಾಲು ನೋಯುವುದು… ನಡುವೆ ನಿಲ್ಲಿಸಿ, ಉತ್ತರಕ್ಕೆ ಜಾಗ ಬಿಟ್ಟು, “ನಿಮಗ ಏನನಸ್ತೈತ್ರಿ?” ಎಂದು ಕೇಳುತ್ತಾಳೆ.

ನಾನು ಹತ್ತು ಹೆಜ್ಜೆ ಹಿಂದೆ ನಿಂತಿರುತ್ತೇನೆ. ಕೊಡ ಇಳಿಸಲು ಆಕೆ ಹೇಳುವವರೆಗೆ ಇಳಿಸುವುದಿಲ್ಲ.