ಬಸವಣ್ಣೆಪ್ಪ ವಿಮಾನದ ದರ ಇಳಿಸಲು ಹೋದದ್ದು

ಬೈಲಹೊಂಗಲದ ದನದ ಸಂತೆಯಲ್ಲಿ ಬಸವಣ್ಣೆಪ್ಪನನ್ನು ಅರಿಯದವರಿಲ್ಲ. ಮೂವತ್ತು ವರ್ಷದಿಂದ ಎತ್ತಿನ ದಲಾಲಿ. ಟವೆಲ್ಲಿನ ಮರೆಯಲ್ಲಿ ಮಾರುವವನ ಬೆರಳು ಹಿಡಿದು ಚೌಕಾಸಿಗೆ ಕೂತನೆಂದರೆ ದರ ಇಳಿಯಲೇಬೇಕು. ಹೊತ್ತು ಮುಳುಗುವವರೆಗೆ ಕಾಯುವುದೇ ಅವನ ವಿದ್ಯೆ. ಮಾರದ ಎತ್ತನ್ನು ರಾಮದುರ್ಗದವರೆಗೆ ವಾಪಸ್ ಒಯ್ಯಲು ಯಾರಿಗೆ ಮನಸ್ಸಿರುತ್ತದೆ?

ಅವನ ಹೆಂಡತಿ ಯಶೋಧಾಳ ತಂಗಿ ಹೈದರಾಬಾದಿನಲ್ಲಿ ಖಾನಾವಳಿ ನಡೆಸಿ, ರೊಟ್ಟಿ ಬಡಿದು ಬಡಿದೇ ಒಂದು ಮನೆ ಕಟ್ಟಿಸಿದಳು. ವಾಸ್ತುಶಾಂತಿಗೆ ಎರಡು ತಿಂಗಳು ಮೊದಲೇ ಕರೆ ಬಂತು. ಬಸ್ಸಿನಲ್ಲಿ ಮೊಣಕಾಲು ಹಿಡಿಯುತ್ತದೆ, ಬೆಳಗಾವಿಯಿಂದ ವಿಮಾನಕ್ಕೇ ಹೋಗೋಣವೆಂದು ಯಶೋಧಾ ಹಟ ಹಿಡಿದಳು.

ಬಸ್‌ಸ್ಟ್ಯಾಂಡಿನ ಎದುರು ಟಿಕೆಟ್ ಅಂಗಡಿ ಇಟ್ಟಿದ್ದ ಪ್ರಣಿತಾ ಕಂಪ್ಯೂಟರ್ ನೋಡಿ, ಒಬ್ಬರಿಗೆ ಮೂರು ಸಾವಿರದ ಇನ್ನೂರು ಎಂದಳು. ಬಸವಣ್ಣೆಪ್ಪ ರೂಢಿಯಂತೆ ಹೆಗಲ ಟವೆಲ್ ತೆಗೆದು ಟೇಬಲ್ಲಿನ ಮೇಲೆ ಹಾಸಿದ. ಚಹಾ ಚೆಲ್ಲಿತೇನೋ ಎಂದುಕೊಂಡು ಪ್ರಣಿತಾ ಕೀಬೋರ್ಡ್ ಎತ್ತಿ ಹಿಡಿದಳು.

“ದರ ನಾ ಹಚ್ಚಂಗಿಲ್ರಿ ಕಾಕಾ,” ಎಂದಳು. “ಹೋಗೂ ದಿನ ಹತ್ತರ ಬಂದಂಗ ಏರತೈತಿ. ಈಗ ತಗೋರಿ.”

“ಖಾಲಿ ಕುರ್ಚಿ ಹೊತ್ಕೊಂಡು ಹಾರೂದಕ್ಕಿಂತ ಕಡಿಮಿಗೆ ಕೊಡೂದು ಚಲೋ ಅಲ್ಲೇನ ತಂಗಿ? ಕಡೀ ಘಳಿಗಿಗೆ ತಾವ ಕರೀತಾರ.”

ತಾನು ಹೋಗುವ ಟಿಕೆಟಿಗೆ ಯಾರೂ ಕೈ ಹಚ್ಚಬಾರದು, ದರ ಇಳಿಸಿಯೇ ತರುತ್ತೇನೆ ಎಂದು ಹೆಂಡತಿಗೂ ತಾಕೀತು ಮಾಡಿದ.

ವಾರ ಬಿಟ್ಟು ಬಂದರೆ ದರ ಎರಡು ಸಾವಿರದ ಒಂಬೈನೂರಕ್ಕೆ ಇಳಿದಿತ್ತು. ಬಸವಣ್ಣೆಪ್ಪನ ಮೀಸೆ ಮೇಲಕ್ಕೆದ್ದಿತು. ಎರಡು ಸಾವಿರಕ್ಕೆ ಬರಲೆಂದು ಎದ್ದು ಹೋದ. ಮುಂದಿನ ವಾರ ನಾಲ್ಕು ಸಾವಿರವಾಯಿತು. ವಿಮಾನದವರು ಹೆದರಿಸುತ್ತಿದ್ದಾರೆ, ಹೆದರಬಾರದು ಎಂದ. ಆರು ಸಾವಿರವಾದಾಗ, ಕೊಳ್ಳುವ ಆಸೆಯನ್ನು ಮುಖದಲ್ಲಿ ತೋರಿಸಬಾರದೆಂದು ಅಂಗಡಿಗೆ ಹೋಗುವುದನ್ನೇ ಬಿಟ್ಟ. ಹೊರಡಲು ಮೂರು ದಿನವಿದ್ದಾಗ ಹೋಗಿ ನೋಡಿದರೆ ಒಂಬತ್ತು ಸಾವಿರ.

ಅಂದು ಊಟಕ್ಕೆ ಬಡಿಸುತ್ತ ಯಶೋಧಾ ಬಾಯಿಬಿಟ್ಟಳು. ದರ ಇಳಿದ ದಿನವೇ, ಎಮ್ಮೆಯ ಹಾಲಿನ ದುಡ್ಡಿನಲ್ಲಿ, ತಾನು ಹೋಗುವ ಟಿಕೆಟನ್ನೂ ಇಬ್ಬರೂ ಮರಳಿ ಬರುವ ಟಿಕೆಟನ್ನೂ ತೆಗೆಸಿಟ್ಟಿದ್ದಳು.

“ನಾ ಹೋಗೂದು?” ಎಂದ ಬಸವಣ್ಣೆಪ್ಪ.

“ಅದಕ್ಕ ಕೈ ಹಚ್ಚಬ್ಯಾಡ ಅಂದಿದ್ರೆಲ್ಲ.”

ಆದರೂ ಅವನು ಆಸೆ ಬಿಡಲಿಲ್ಲ. ಚೀಲ ಹಿಡಿದು ಹೆಂಡತಿಯೊಡನೆ ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣಕ್ಕೆ ಹೋದ. ಯಶೋಧಾ ಒಳಗೆ ಹೋದಳು. ಟಿಕೆಟ್ ಕಿಟಕಿಯಲ್ಲಿದ್ದವನು ಹನ್ನೊಂದು ಸಾವಿರ ಎಂದ. ಗಾಡಿ ಬಿಡುವ ಹೊತ್ತಿಗೆ ಯಾವ ಊರಲ್ಲಿ ದರ ಏರುತ್ತದೆಂದು ಬಸವಣ್ಣೆಪ್ಪ ಕೇಳಿದ. ಕಿಟಕಿಯವನು ಸಮಾಧಾನದಿಂದಲೇ ಹೇಳಿದ: “ಇವತ್ತ ಬಂದು ಇವತ್ತ ಕೇಳಾವ್ರು ಇವತ್ತ ಹೋಗಾಕಬೇಕಾದವ್ರು ರೀ. ಎಷ್ಟಂದ್ರೂ ಕೊಡ್ತಾರ.”

ಬಸವಣ್ಣೆಪ್ಪ ಕಿಟಕಿ ಬಿಟ್ಟು ಸರಿದ. ಹೋದ ವರ್ಷ ಬಿತ್ತಿಗೆಯ ನಡುವೆ ಎತ್ತು ಸತ್ತಿತೆಂದು ಓಡಿ ಬಂದ ಕಿತ್ತೂರಿನ ರೈತನೊಬ್ಬನಿಗೆ ಅವನೇ ದುಪ್ಪಟ್ಟು ದರ ಹೇಳಿದ್ದ. ಆ ಮನುಷ್ಯ ಟವೆಲ್ ಕೆಳಗೆ ಕೈ ಕೂಡ ಚಾಚದೆ ಕೊಟ್ಟು ಹೋಗಿದ್ದ.

ಬಸ್ಸಿಗೆ ಹೋದ. ಮರುದಿನ ಕಾಲು ಬಾತು ನಾದಿನಿಯ ಮನೆ ಮುಟ್ಟುವಷ್ಟರಲ್ಲಿ ಪೂಜೆ ಮುಗಿದು ಎಲೆ ಹಾಕಿದ್ದರು. ಹೋಳಿಗೆ ಬಡಿಸುತ್ತ ಯಶೋಧಾ, ವಿಮಾನದಲ್ಲಿ ತನ್ನ ಮಗ್ಗುಲಿನ ಕುರ್ಚಿ ಖಾಲಿಯೇ ಇತ್ತು, ಚೀಲ ಇಟ್ಟುಕೊಂಡು ಬಂದೆ ಎಂದಳು. ಬಸವಣ್ಣೆಪ್ಪ ಹೋಳಿಗೆ ಬಿಟ್ಟು ಎದ್ದು, ಪಂಕ್ತಿಯಲ್ಲಿ ಕುಳಿತವರಿಗೆಲ್ಲ ತನ್ನ ಲೆಕ್ಕ ಸರಿಯೇ ಇತ್ತೆಂದು ತಿಳಿಸಿ ಬಂದ.

ಮರಳುವಾಗ ಮೊದಲ ಸಲ ವಿಮಾನ ಹತ್ತಿದ. ಮೋಡ ನೋಡಲಿಲ್ಲ. ಸಾಲುಸಾಲಾಗಿ ಹೋಗಿ ಎಷ್ಟು ಕೊಟ್ರಿ ಎಂದು ವಿಚಾರಿಸಿದ. ಒಬ್ಬನದು ಮೂರು ಸಾವಿರ, ಅವನ ಬಲಕ್ಕಿದ್ದವನದು ಏಳು, ಹಿಂದಿನ ಸಾಲಿನ ಬಟ್ಟೆ ವ್ಯಾಪಾರಿಯದು ಹನ್ನೆರಡು. ಗಗನಸಖಿ ಎರಡು ಸಲ ಕರೆತಂದು ಕೂರಿಸಿದಳು. ಬೆಳಗಾವಿಯಲ್ಲಿ ಇಳಿಯುವ ಹೊತ್ತಿಗೆ ಅರ್ಧ ವಿಮಾನ ತನ್ನ ಪಕ್ಕದವರ ಮೇಲೆ ಸಿಟ್ಟಾಗಿತ್ತು.

ಮರಳುವ ಟಿಕೆಟಿಗೆ ತಾನು ಕೊಟ್ಟದ್ದೆಷ್ಟೆಂದು ಯಶೋಧಾ ಮಾತ್ರ ಯಾರಿಗೂ ಹೇಳಲಿಲ್ಲ. ಗಂಡ ಎರಡು ಸಲ ಕೇಳಿದ. ಅವಳು ಕಿಟಕಿಯ ಕಡೆ ನೋಡುತ್ತ ಕುಳಿತಳು.