ದಾನಿಯ ಹೊಟ್ಟೆಕಿಚ್ಚು

ತಾನೇ ಕೈಯಾರೆ ಕೊಟ್ಟ ದಾನದ ಮೇಲೆ ಹೊಟ್ಟೆಕಿಚ್ಚು ಪಡುವುದು ಎಲ್ಲರಿಗೂ ಒಲಿಯುವ ಸಿದ್ಧಿಯಲ್ಲ. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ, ಅಹಮದಾಬಾದಿನ ಮಣಿನಗರದಲ್ಲಿ, ನನಗೆ ಒಲಿಯಿತು.

ನಾನಾಗ ವಿಮಾ ಕಚೇರಿಯ ವರ್ಗಾವಣೆಯ ಜೀವ. ಹೋದೂರಲ್ಲೆಲ್ಲ ಬಾಡಿಗೆ ಮನೆ. ಹೆಂಡತಿ ಸ್ವಂತ ಮನೆಯ ಮಾತೆತ್ತಿದಾಗಲೆಲ್ಲ ನಾನು ಪೇಪರು ಬಿಡಿಸುತ್ತಿದ್ದೆ. ಹೀಗಿರುವಾಗ ನಮ್ಮಲ್ಲಿ ಪಾತ್ರೆ ತೊಳೆಯುತ್ತಿದ್ದ ಹೆಂಗಸಿಗೆ ಒಂದು ಟ್ರಸ್ಟಿನವರು ಅದೇ ಊರಿನ ನರೋಡಾ ಕಡೆ ಮನೆ ಕಟ್ಟಿಸಲು ಮುಂದಾದರು. ಒಂದು ಪಾಲು ಅವಳ ಕಂತು, ಉಳಿದದ್ದು ದಾನಿಗಳದ್ದು. ಹೆಂಡತಿಯ ಒತ್ತಾಯಕ್ಕೆ ನಾನೂ ದಾನಿಯಾದೆ. ದಾನಿಗಳು ಭಾನುವಾರ ಇಟ್ಟಿಗೆಯನ್ನೂ ಹೊರಬೇಕೆಂದರು. ಹೊತ್ತೆ.

ಗೋಡೆ ಏಳುತ್ತಿದ್ದಂತೆ ನನ್ನ ಔದಾರ್ಯ ಕುಸಿಯತೊಡಗಿತು. ಅವಳ ಅಡುಗೆಮನೆಗೆ ಪೂರ್ವದ ಕಿಟಕಿ. ನಮ್ಮ ಕಿಟಕಿಯಲ್ಲಿ ಕಾಣುತ್ತಿದ್ದುದು ಪಕ್ಕದವರ ಬಚ್ಚಲ ಪೈಪು.

"ಇವಳಿಗೆ ಪೂರ್ವಕ್ಕೇ ಕಿಟಕಿ ಯಾಕೆ ಬೇಕಿತ್ತು?" ಎಂದೆ.

"ಸೂರ್ಯ ಆ ಕಡೆನೇ ಹುಟ್ತಾನಂತೆ ರೀ," ಎಂದಳು ಹೆಂಡತಿ.

ಗೃಹಪ್ರವೇಶದ ದಿನ ನನಗೊಂದು ಶಾಲು ಹೊದಿಸಿದರು. ಸೆಕೆಯಲ್ಲಿ ಅದನ್ನು ಹೊದ್ದು ಗಂಭೀರವಾಗಿ ಉರಿಯುತ್ತ ಕೂತೆ. ನಮ್ಮ ಕಡೆ ಹಾಲುಕ್ಕಿಸುವ ಶಾಸ್ತ್ರವಿದೆಯೆಂದು ಕೇಳಿದ್ದ ಆ ಹೆಂಗಸು, "ಬೆನ್, ಆಪ್ ಹೀ ಕರೋ," ಅಕ್ಕಾ ನೀವೇ ಮಾಡಿ, ಎಂದು ನನ್ನ ಹೆಂಡತಿಯನ್ನೇ ಒಲೆಯ ಮುಂದೆ ನಿಲ್ಲಿಸಿದಳು.

ಹಾಲು ಏರಿತು. ಅಂಚಿಗೆ ಬಂತು. ಹೆಂಡತಿಯ ಕೈ ತಟಕ್ಕನೆ ಗ್ಯಾಸು ಆರಿಸಿಬಿಟ್ಟಿತು. ನಾವು ಹೊಕ್ಕ ಒಂದೊಂದು ಬಾಡಿಗೆ ಮನೆಯಲ್ಲೂ ಕಟ್ಟೆಯ ಕಲ್ಲು ಕೊಳೆಯಾದೀತೆಂದು ಮನೆಯೊಡತಿ ಬೆನ್ನ ಹಿಂದೆ ಕಾವಲು ನಿಲ್ಲುತ್ತಿದ್ದಳು. ನಮ್ಮ ಹಾಲು ಉಕ್ಕುತ್ತಿದ್ದುದು ಚಮಚದಿಂದ ಚೆಲ್ಲಿದ ಎರಡು ಹನಿಯಷ್ಟೇ. ಕೈಗೆ ಬೇರೆ ಪಾಠವೇ ಇರಲಿಲ್ಲ.

"ಬಂದ್ ಕ್ಯೂಂ ಕಿಯಾ, ಬೆನ್?" ಎಂದು ಆ ಹೆಂಗಸು ನಕ್ಕಳು. "ಗಿರ್ನೇ ದೋ. ಮೇರಾ ಘರ್ ಹೈ."

ಚೆಲ್ಲಲಿ ಬಿಡಿ, ಮನೆ ನನ್ನದು. ಅಷ್ಟು ಸಲೀಸಾಗಿ ಅಂದುಬಿಟ್ಟಳು. ನನ್ನ ಸರ್ವೀಸಿನಲ್ಲಿ ನಾನು ಕಂಡ ಬೇರೆಯವರ ಯಾವ ಬಡ್ತಿಗೂ ನಾನು ಅಷ್ಟು ಕರುಬಿದ್ದಿಲ್ಲ.

ಹೆಂಡತಿ ಮತ್ತೆ ಹಚ್ಚಿದಳು. ಹಾಲು ಉಕ್ಕಿ, ಕಟ್ಟೆಯಿಳಿದು, ನೆಲದ ಮೇಲೆ ಹರಿಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಹೆಂಡತಿ ಮಾತ್ರ ಸೆರಗು ಹಿಡಿದುಕೊಂಡು, ಅದು ಹರಿದ ದಾರಿಯನ್ನೇ ನೋಡುತ್ತ ನಿಂತಿದ್ದಳು.

ಹಿಂದಿರುಗುವ ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಮುಖ ಮಾಡಿ ಕೂತಳು. ಕೊನೆಗೆ ನಾನೇ, "ಈ ಊರಲ್ಲೇ ಒಂದು ಮನೆ ನೋಡೋಣ. ಚಿಕ್ಕದಾದ್ರೂ ಸರಿ," ಎಂದೆ.

ಅವಳು ಕಿಟಕಿಯಿಂದ ಮುಖ ತಿರುಗಿಸದೆ ಹೇಳಿದಳು: "ಅಡುಗೆಮನೆ ನಾನು ನೋಡ್ದೆ ಎಲ್ಲೂ ಸಹಿ ಹಾಕ್ಬೇಡಿ."